ಸೇತುವೆಯ ಕೆಳಗಿನ ಹಾಡು ಶಿಲ್ಪವಾಗುವುದು ಹೇಗೆ? ಸೂಸನ್ ಫಿಲಿಪ್ಸ್ ಅವರ ಕಲೆ ಮತ್ತು ವೃತ್ತಿಯ ಬಗ್ಗೆ

ಪ್ರಶ್ನೆ: ನಾನು ಮೈಸೂರಿನಲ್ಲಿ ಶಿಲ್ಪಕಲೆಯ ವಿದ್ಯಾರ್ಥಿನಿ. ಸ್ಕಾಟ್ಲೆಂಡಿನ ಸೂಸನ್ ಫಿಲಿಪ್ಸ್ ಎಂಬ ಕಲಾವಿದೆ ತಾವೇ ಹಾಡಿದ ಹಾಡನ್ನು ಸೇತುವೆಯ ಕೆಳಗೆ ಲೌಡ್‌ಸ್ಪೀಕರಿನಲ್ಲಿ ಕೇಳಿಸಿದ ಕೃತಿಗೆ ಬ್ರಿಟನ್ನಿನ ಹೆಸರಾಂತ ಕಲಾ ಪುರಸ್ಕಾರವಾದ ಟರ್ನರ್ ಪ್ರಶಸ್ತಿ ಪಡೆದರೆಂದು ಓದಿದೆ. ಅದು ಸಂಗೀತವಲ್ಲವೇ? ಶಿಲ್ಪ ಹೇಗಾಗುತ್ತದೆ? ಇಂಥ ಕಲಾವಿದರು ನಿಜವಾಗಿ ಏನು ಕೆಲಸ ಮಾಡುತ್ತಾರೆ, ಅವರ ಜೀವನ ಹೇಗೆ ನಡೆಯುತ್ತದೆ? ಚಿಕ್ಕಂದಿನಲ್ಲಿ ನಾನು ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೆ, ಆದರೆ ಕಛೇರಿ ಮಾಡುವಷ್ಟಲ್ಲ. ನನ್ನಂಥವರಿಗೆ ಈ ದಾರಿ ಸಾಧ್ಯವೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಸೂಸನ್ ಫಿಲಿಪ್ಸ್ ಹಾಡುತ್ತಾರೆ, ಆದರೆ ಗಾಯಕಿಯಾಗಿ ಹಾಡುವುದಿಲ್ಲ. ಅವರು ಓದಿದ್ದು ಶಿಲ್ಪಕಲೆ. ಇಂದಿಗೂ ಅವರು ಮಾಡುತ್ತಿರುವುದು ಶಿಲ್ಪವನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಡು ಅವರ ಸಾಮಗ್ರಿಗಳಲ್ಲಿ ಒಂದು ಮಾತ್ರ. ಅದು ಎಲ್ಲಿಂದ ಹೊರಡುತ್ತದೆ, ಯಾವ ಗೋಡೆಗೆ ತಾಗಿ ಹಿಂದಿರುಗುತ್ತದೆ, ಕೇಳುವವರು ಎಷ್ಟು ದೂರದಲ್ಲಿ ನಿಂತಿರುತ್ತಾರೆ, ಆ ಜಾಗದಲ್ಲಿ ಹಿಂದೆ ಏನು ನಡೆದುಹೋಗಿದೆ ಎಂಬ ಸಂಗತಿಗಳು ಉಳಿದ ಸಾಮಗ್ರಿಗಳು. ಕಛೇರಿಯಲ್ಲಿ ಹಾಡೇ ಮುಖ್ಯವಾಗಿದ್ದು, ಸಭಾಂಗಣ ಅದಕ್ಕೆ ಅಡ್ಡಿ ಮಾಡದಿದ್ದರೆ ಸಾಕು. ಫಿಲಿಪ್ಸ್ ಅವರ ಕೃತಿಗಳಲ್ಲಿ ಜಾಗವನ್ನು ಕಿವಿಗೆ ಕಾಣಿಸುವುದಕ್ಕಾಗಿ ಹಾಡು ಬರುತ್ತದೆ. ಈ ಒಂದು ಮಾತನ್ನು ಹಿಡಿದುಕೊಂಡು ಅವರ ವೃತ್ತಿಜೀವನವನ್ನು ನೋಡಿದರೆ, ನೀವು ಕೇಳಿರುವ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆಂದು ನಂಬಿದ್ದೇನೆ.

ಫಿಲಿಪ್ಸ್ ಹುಟ್ಟಿದ್ದು 1965ರಲ್ಲಿ, ಗ್ಲಾಸ್ಗೊ ನಗರದಲ್ಲಿ. ಬಾಲ್ಯದಲ್ಲಿ ಅಕ್ಕತಂಗಿಯರೊಡನೆ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದರು. ಅದನ್ನು ಬಿಟ್ಟರೆ ಗಾಯಕಿಯಾಗುವ ತರಬೇತಿ ಅವರಿಗೆ ಇಲ್ಲ. 1989ರಿಂದ 1993ರವರೆಗೆ ಡಂಡೀ ನಗರದ ಡಂಕನ್ ಆಫ್ ಜೋರ್ಡನ್‌ಸ್ಟೋನ್ ಕಲಾ ಕಾಲೇಜಿನಲ್ಲಿ ಶಿಲ್ಪಕಲೆ ಓದಿ, ಮುಂದಿನ ವರ್ಷ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಅಲ್ಸ್ಟರ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದರು. ಹಾಡುವಾಗ ದೇಹದೊಳಗೆ ಏನಾಗುತ್ತದೆ ಎಂಬ ಪ್ರಶ್ನೆ ಅವರನ್ನು ಹಿಡಿದದ್ದು ಶಿಲ್ಪದ ವಿದ್ಯಾರ್ಥಿನಿಯಾಗಿದ್ದಾಗಲೇ. ಉಸಿರು ತುಂಬಿದಾಗ ಎದೆಗೂಡಿನೊಳಗೆ ಒಂದು ಟೊಳ್ಳು ಜಾಗ ಏರ್ಪಡುತ್ತದೆ, ಹಾಡುವವರಿಗೆ ಅದರ ಅರಿವಾಗುತ್ತದೆ. ಆ ಉಸಿರು ದನಿಯಾಗಿ ಹೊರಗೆ ಬಂದ ಕೂಡಲೇ ಕೋಣೆಯ ಖಾಲಿ ಜಾಗವನ್ನು ತುಂಬಿ, ಅದರ ಎತ್ತರ, ಅಗಲ, ಗೋಡೆಯ ಗಟ್ಟಿತನವನ್ನು ಕೇಳುವವರಿಗೆ ತಿಳಿಸುತ್ತದೆ. ಒಳಗಿನ ಟೊಳ್ಳು ಮತ್ತು ಹೊರಗಿನ ಟೊಳ್ಳು ಎರಡನ್ನೂ ಒಂದೇ ಉಸಿರು ಜೋಡಿಸುತ್ತದೆ. ಅಚ್ಚು ಹೊಯ್ಯುವ ಕೆಲಸ ಕಲಿತ ನಿಮಗೆ ಈ ಯೋಚನೆ ಎಷ್ಟು ಶಿಲ್ಪಸಹಜವಾದದ್ದು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಸದ್ದನ್ನು ಒಂದು ಸ್ಥಳದಲ್ಲಿ ನೆಲೆಗೊಳಿಸುವ ಕೆಲಸವನ್ನು ಅವರೇ ಮೊದಲು ಮಾಡಿದರೆಂದಲ್ಲ. ತಾಳವಾದ್ಯಗಾರರಾಗಿದ್ದ ಅಮೆರಿಕದ ಮ್ಯಾಕ್ಸ್ ನ್ಯೂಹಾಸ್ 1977ರಲ್ಲಿಯೇ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಕಾಲುದಾರಿಯ ಕಬ್ಬಿಣದ ಜಾಲರಿಯ ಕೆಳಗಿನಿಂದ ಎಡೆಬಿಡದ ಗುಂಯ್‌ಗುಡುವಿಕೆಯೊಂದನ್ನು ಕೇಳಿಸಿದ್ದರು. ಅಲ್ಲಿ ಕೇಳುವವರಿಗೆ ಅದು ಯಂತ್ರದ ಸದ್ದೋ ಕಲಾಕೃತಿಯೋ ಎಂಬುದು ಬೇಗ ತಿಳಿಯುವಂತಿರಲಿಲ್ಲ. ಫಿಲಿಪ್ಸ್ ಹಿಡಿದ ದಾರಿ ಬೇರೆ. ಅವರ ಮೊದಲ ಕೃತಿಗಳಲ್ಲಿ ಕೇಳುವುದು ಸ್ಪಷ್ಟವಾಗಿ ಒಬ್ಬ ಹೆಂಗಸಿನ ದನಿ. ಓದು ಮುಗಿದ ಮೇಲೂ ಅವರು ಬೆಲ್‌ಫಾಸ್ಟ್‌ನಲ್ಲಿಯೇ ಉಳಿದು, ಕಲಾವಿದರೇ ಸೇರಿ ನಡೆಸುವ ಕ್ಯಾಟಲಿಸ್ಟ್ ಆರ್ಟ್ಸ್ ಎಂಬ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬರಾಗಿ ದುಡಿದರು. 1998ರಲ್ಲಿ ಆ ನಗರದ ಬಸ್ ನಿಲ್ದಾಣವೊಂದರಲ್ಲಿ, ಬಸ್ಸುಗಳ ವೇಳೆ ಸಾರುವ ಧ್ವನಿವರ್ಧಕಗಳ ಮೂಲಕ, ಹಿಮ್ಮೇಳವಿಲ್ಲದೆ ತಾವು ಹಾಡಿದ ಕೆಲವು ಜನಪ್ರಿಯ ಗೀತೆಗಳನ್ನು ಕೇಳಿಸಿದರು. ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಗೆ ತೆರೆಯೆಳೆಯಲು ಶಾಂತಿ ಒಪ್ಪಂದವಾದದ್ದೂ ಅದೇ ವರ್ಷ. ಸಾರ್ವಜನಿಕ ಧ್ವನಿವರ್ಧಕ ಬಾಯ್ತೆರೆದರೆ ಎಚ್ಚರಿಕೆಯ ಮಾತು ಬರಬಹುದೆಂದು ಬೆಚ್ಚುವ ಅಭ್ಯಾಸವಿದ್ದ ಊರಿನಲ್ಲಿ, ಅದೇ ಉಪಕರಣದಿಂದ ಮನೆಯೊಳಗೆ ಗುನುಗಿಕೊಳ್ಳುವಂಥ ದನಿ ಹೊರಟಾಗ ಜನರ ಕಿವಿ ಎಷ್ಟು ಬೇರೆಯಾಗಿ ತೆರೆದುಕೊಂಡಿರಬೇಕು ಎಂಬುದನ್ನು ಊಹಿಸಿಕೊಳ್ಳಿ.

ಇಲ್ಲಿಯೇ ನಿಮ್ಮ ಸಂಗೀತದ ವಿಷಯಕ್ಕೂ ಬರುತ್ತೇನೆ. ಫಿಲಿಪ್ಸ್ ಅವರ ದನಿ ತರಬೇತಿಯಿಂದ ಪಳಗಿದ ದನಿಯಲ್ಲ ಎಂಬುದು ಅವರ ಕೊರತೆಯೆಂದು ನಾನು ತಿಳಿಯುವುದಿಲ್ಲ. ಉಸಿರೆಳೆದುಕೊಳ್ಳುವ ಸದ್ದನ್ನು ಅವರು ಧ್ವನಿಮುದ್ರಣದಲ್ಲಿ ಉಳಿಸಿಕೊಳ್ಳುತ್ತಾರೆ. ಕೆಲವೆಡೆ ಸ್ವರ ಸ್ವಲ್ಪ ಅಲುಗಾಡುತ್ತದೆ, ಅದನ್ನೂ ಬಿಡುತ್ತಾರೆ. ಪಳಗಿದ ಕಂಠವನ್ನು ಕೇಳಿದಾಗ ನಮ್ಮ ಗಮನ ಹಾಡುವವರ ವಿದ್ವತ್ತಿನ ಕಡೆಗೆ ಹೋಗುತ್ತದೆ. ಪಳಗದ ದನಿಯನ್ನು ಕೇಳಿದಾಗ ಅದು ನಮ್ಮದೇ ಮನೆಯವರ ದನಿಯಾಗಿರಬಹುದೆನ್ನಿಸುತ್ತದೆ, ಕೇಳುವವರ ಸ್ವಂತ ನೆನಪುಗಳಿಗೆ ಅದರಲ್ಲಿ ಜಾಗ ಸಿಗುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತು ಪದ ಹೇಳುತ್ತಿದ್ದ ನಮ್ಮ ಹಳ್ಳಿಯ ಹೆಂಗಸರ ದನಿಗೆ ಯಾವ ಶಕ್ತಿಯಿತ್ತೋ ಅದೇ ಶಕ್ತಿ ಇದು: ಸಭೆಯನ್ನು ಗೆಲ್ಲುವ ಉದ್ದೇಶವಿಲ್ಲದ ಹಾಡು ಕೇಳಿದವರ ಒಳಕ್ಕೆ ಸುಲಭವಾಗಿ ಇಳಿಯುತ್ತದೆ. ಆದುದರಿಂದ ಕಛೇರಿ ಮಾಡುವಷ್ಟು ಕಲಿತಿಲ್ಲ ಎಂಬ ಹಿಂಜರಿಕೆ ನಿಮಗೆ ಬೇಡ. ಶ್ರುತಿಯಲ್ಲಿ ನಿಲ್ಲುವುದನ್ನೂ ಎರಡು ಸ್ವರಗಳ ನಡುವಿನ ಅಂತರವನ್ನು ಗುರುತಿಸುವುದನ್ನೂ ನೀವು ಕಲಿತಿದ್ದರೆ ಈ ಕೆಲಸಕ್ಕೆ ಅದು ದೊಡ್ಡ ಆಸ್ತಿ. ಗಮಕಗಳ ಮೋಹವನ್ನು ಎಲ್ಲಿ ಬಿಡಬೇಕು ಎಂಬುದನ್ನು ಮಾತ್ರ ನೀವೇ ಕಂಡುಕೊಳ್ಳಬೇಕಾಗುತ್ತದೆ.

1999ರಲ್ಲಿ ಅವರು ಕಾರ್ಮಿಕ ಚಳವಳಿಯ ಜಗತ್ಪ್ರಸಿದ್ಧ ಗೀತೆಯಾದ ‘ಇಂಟರ್‌ನ್ಯಾಷನಲ್’ ಅನ್ನು ಒಬ್ಬರೇ ಹಾಡಿ ಮುದ್ರಿಸಿದರು. ಮರುವರ್ಷ ಸ್ಲೊವೇನಿಯದ ರಾಜಧಾನಿ ಲ್ಯುಬ್ಲಿಯಾನದಲ್ಲಿ ನಡೆದ ಮ್ಯಾನಿಫೆಸ್ಟಾ ಕಲಾಮೇಳದಲ್ಲಿ ಅದನ್ನು ಕೇಳಿಸಲಾಯಿತು. ಸಾವಿರಾರು ಜನ ಒಕ್ಕೊರಲಿನಿಂದ ಹಾಡಬೇಕಾದ ಗೀತೆ ಅದು. ಯುಗೊಸ್ಲಾವಿಯ ಒಡೆದು ಇನ್ನೂ ಹತ್ತು ವರ್ಷವಾಗಿರದ ನೆಲದಲ್ಲಿ ಒಂಟಿ ದನಿಯೊಂದು ಅದನ್ನು ನಿಧಾನವಾಗಿ ಹಾಡಿದರೆ, ಅದು ಮುಗಿದುಹೋದ ಕಾಲಕ್ಕೆ ಶೋಕಗೀತೆಯೋ ಅಥವಾ ಮತ್ತೆ ಎದ್ದೇಳಲು ಕರೆಯೋ ಎಂಬುದು ತೀರ್ಮಾನವಾಗುವುದಿಲ್ಲ. ಕಲಾವಿದೆಯೂ ಅದನ್ನು ತೀರ್ಮಾನಿಸಿ ಹೇಳುವುದಿಲ್ಲ. ಹಾಡಿನ ಒಂದು ಅಕ್ಷರವನ್ನೂ ಬದಲಿಸದೆ, ಹಾಡುವವರ ಸಂಖ್ಯೆಯನ್ನು ಒಂದಕ್ಕೆ ಇಳಿಸಿ, ಹಾಡುವ ಊರನ್ನು ಆರಿಸಿಕೊಂಡು, ಅರ್ಥವನ್ನು ಹೀಗೆ ತೆರೆದುಬಿಟ್ಟದ್ದು ಅವರ ಆರಂಭದ ಕೃತಿಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಶಿಲ್ಪ ಹೌದೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಗೆ ಶಿಲ್ಪಲೋಕವೇ 2007ರಲ್ಲಿ ಒಂದು ಉತ್ತರ ಕೊಟ್ಟಿತು. ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ 1977ರಿಂದ ಹತ್ತು ವರ್ಷಗಳಿಗೊಮ್ಮೆ ನಡೆಯುವ ಶಿಲ್ಪ ಪ್ರದರ್ಶನಕ್ಕೆ ಆ ವರ್ಷ ಫಿಲಿಪ್ಸ್ ಅವರಿಗೆ ಆಹ್ವಾನ ಬಂತು. ಆಸೇ ಎಂಬ ಕೆರೆಯ ಮೇಲಿನ ಸೇತುವೆಯ ಕೆಳಗೆ, ನೀರಿನ ಎರಡೂ ದಡಗಳಲ್ಲಿ ಸ್ಪೀಕರ್ ಕಟ್ಟಿ, ಜಾಕ್ ಆಫೆನ್‌ಬಾಕ್ ಅವರ ಗೀತನಾಟಕವೊಂದರ ಯುಗಳಗೀತೆಯ ಎರಡೂ ದನಿಗಳನ್ನು ತಾವೇ ಹಾಡಿ, ಈ ದಡದ ದನಿಗೆ ಆ ದಡದ ದನಿ ಓಗೊಡುವಂತೆ ಮಾಡಿದರು. ಆ ನಾಟಕದ ಕಥೆಯಲ್ಲಿ ನಾಯಕ ತನ್ನ ಪ್ರತಿಬಿಂಬವನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ನೀರು ಸೇತುವೆಯನ್ನು ಪ್ರತಿಬಿಂಬಿಸುತ್ತಿರುವಾಗ ಒಂದು ದನಿ ಇನ್ನೊಂದನ್ನು ಪ್ರತಿಬಿಂಬಿಸುತ್ತದೆ. ಕಣ್ಣಿಗೆ ಕಾಣುವ ವಸ್ತುವೆಂದರೆ ಸ್ಪೀಕರುಗಳು ಮಾತ್ರ. ಆದರೂ ಕೆರೆಯ ಅಗಲವನ್ನು ಅಷ್ಟು ಸ್ಪಷ್ಟವಾಗಿ ತಿಳಿಸಿಕೊಡುವ ಕೆಲಸವನ್ನು ಕಲ್ಲಿನ ಯಾವ ಶಿಲ್ಪವೂ ಅಲ್ಲಿ ಮಾಡಲಾರದು.

ಈಗ ನೀವು ಓದಿದ ಕೃತಿಗೆ ಬರೋಣ. ಅದರ ಹೆಸರು ‘ಲೋಲ್ಯಾಂಡ್ಸ್’. 2010ರ ಗ್ಲಾಸ್ಗೊ ಅಂತರರಾಷ್ಟ್ರೀಯ ದೃಶ್ಯಕಲಾ ಉತ್ಸವಕ್ಕಾಗಿ ಫಿಲಿಪ್ಸ್ ತಮ್ಮ ಹುಟ್ಟೂರಿನ ಕ್ಲೈಡ್ ನದಿಯ ಮೂರು ಸೇತುವೆಗಳನ್ನು ಆರಿಸಿಕೊಂಡರು. ಅವುಗಳಲ್ಲಿ ಒಂದು ರೈಲು ಸೇತುವೆ. ಹಾಡು ಸ್ಕಾಟ್ಲೆಂಡಿನ ಹಳೆಯ ಶೋಕಗೀತೆ: ಸಮುದ್ರದಲ್ಲಿ ಮುಳುಗಿ ಸತ್ತ ಪ್ರಿಯಕರ ಪ್ರೇತವಾಗಿ ಬಂದು ತನ್ನ ಸಾವಿನ ಸುದ್ದಿಯನ್ನು ಪ್ರೇಯಸಿಗೆ ತಿಳಿಸುತ್ತಾನೆ. ಬಾಯಿಂದ ಬಾಯಿಗೆ ಹರಿದು ಬಂದ ಹಾಡಾದ್ದರಿಂದ ಅದಕ್ಕೆ ಹಲವು ಪಾಠಾಂತರಗಳಿವೆ. ಫಿಲಿಪ್ಸ್ ಅವುಗಳಲ್ಲಿ ಮೂರನ್ನು ಹಾಡಿ, ಮೂರು ದನಿಗಳು ಒಂದರ ಮೇಲೊಂದು ಬಂದು, ಕೆಲವೆಡೆ ಕೂಡಿ ಕೆಲವೆಡೆ ಬೇರೆಯಾಗುವಂತೆ ಹೆಣೆದರು. ಕ್ಲೈಡ್ ನದಿಯೂ ಜನರನ್ನು ಬಲಿ ತೆಗೆದುಕೊಂಡ ನದಿ. ಗ್ಲಾಸ್ಗೊದವರಿಗೆ ಇದು ತಿಳಿಯದ ಸಂಗತಿಯಲ್ಲ. ಹಾಗಾಗಿ ಮುಳುಗಿದವನ ಹಾಡನ್ನು ಆ ನೀರಿನ ಪಕ್ಕದಲ್ಲಿಯೇ ಕೇಳುವುದಕ್ಕೂ ಮನೆಯಲ್ಲಿ ಕುಳಿತು ಧ್ವನಿಮುದ್ರಿಕೆಯಲ್ಲಿ ಕೇಳುವುದಕ್ಕೂ ಅಗಾಧ ವ್ಯತ್ಯಾಸವಿದೆ.

ಆ ಸೇತುವೆಗಳ ಕೆಳಗೆ ಭೌತಿಕವಾಗಿ ಏನಾಗುತ್ತದೆ ಎಂಬುದನ್ನೂ ನೋಡಬೇಕು, ಏಕೆಂದರೆ ಇಂಥ ಕಲಾವಿದರ ನಿಜವಾದ ಕೆಲಸ ನಡೆಯುವುದು ಅಲ್ಲಿಯೇ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಚಲಿಸುತ್ತದೆ. ನಿಮ್ಮಿಂದ 17 ಮೀಟರ್ ದೂರದ ಗೋಡೆಗೆ ತಾಗಿ ಹಿಂದಿರುಗಲು ಅದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಅಷ್ಟು ಅಂತರವಿದ್ದರೆ ಕಿವಿ ಅದನ್ನು ಬೇರೆಯೇ ಪ್ರತಿಧ್ವನಿಯಾಗಿ ಗುರುತಿಸುತ್ತದೆ. ಗೋಡೆ ಅದಕ್ಕಿಂತ ಬಹಳ ಹತ್ತಿರವಿದ್ದರೆ ಮರಳಿ ಬಂದ ಸದ್ದು ಮೂಲ ದನಿಯೊಡನೆ ಬೆರೆತು ಅದನ್ನು ಹಿಗ್ಗಿಸುತ್ತದೆ. ಸೇತುವೆಯ ಕೆಳಗೆ ಕಲ್ಲು, ಉಕ್ಕು, ನೀರು ಎಲ್ಲವೂ ಸದ್ದನ್ನು ಹಿಂದಕ್ಕೆ ಎಸೆಯುವ ಮೈಗಳೇ. ಎಲ್ಲಿಯೂ ಸದ್ದನ್ನು ಹೀರುವ ಬಟ್ಟೆಯಾಗಲಿ ಮರವಾಗಲಿ ಇಲ್ಲ. ಆದ್ದರಿಂದ ಒಂದು ಸ್ವರ ನಿಂತ ಮೇಲೂ ಅದರ ಅನುರಣನ ಸ್ವಲ್ಪ ಹೊತ್ತು ಉಳಿದು, ಮುಂದಿನ ಸ್ವರದೊಡನೆ ಸೇರಿಕೊಳ್ಳುತ್ತದೆ. ಹಾಡಿನ ವೇಗ ಹೆಚ್ಚಾದರೆ ಮಾತು ಕಲಸಿಹೋಗುತ್ತದೆ, ತೀರ ನಿಧಾನವಾದರೆ ಎಳೆ ಕಡಿದುಹೋಗುತ್ತದೆ. ಮೇಲೆ ರೈಲು ಬಂದರೆ ದನಿ ಮುಚ್ಚಿಹೋಗಿ, ರೈಲು ದಾಟಿದ ಮೇಲೆ ಮತ್ತೆ ಹೊರಬರುತ್ತದೆ. ಫಿಲಿಪ್ಸ್ ಅವರ ಹಾಡುಗಳಲ್ಲಿ ಸಾಲುಗಳ ನಡುವೆ ಉದ್ದುದ್ದ ಮೌನವಿರುವುದು ಈ ಕಾರಣಕ್ಕೇ ಎಂದು ನನಗನ್ನಿಸುತ್ತದೆ. ಆ ಮೌನದಲ್ಲಿ ಜಾಗ ತನ್ನ ಪಾಲಿನ ಸದ್ದನ್ನು ಮಾಡುತ್ತದೆ.

ಉಪಕರಣದ ಆಯ್ಕೆಯೂ ಇದೇ ಬಗೆಯ ಯೋಚನೆಯಿಂದ ಹುಟ್ಟಿದ್ದು. ಅವರ ಹಲವು ಕೃತಿಗಳಲ್ಲಿ ಕಾಣುವುದು ಕಹಳೆಯಾಕಾರದ ಸಾದಾ ಸ್ಪೀಕರ್, ಅಂದರೆ ನಮ್ಮ ಜಾತ್ರೆ, ಮದುವೆಗಳಿಗೆ ಮೈಕ್‌ಸೆಟ್‌ನವರು ಕಂಬಕ್ಕೆ ಕಟ್ಟುವ ಹಾರ್ನ್. ಅದು ತಗ್ಗಿನ ಸ್ವರಗಳನ್ನು ಸರಿಯಾಗಿ ನುಡಿಸಲಾರದು, ಆದರೆ ಮನುಷ್ಯದನಿ ಇರುವ ನಡುವಣ ಪಟ್ಟಿಯನ್ನು ದೂರದವರೆಗೆ ಒಯ್ಯುತ್ತದೆ, ಮತ್ತು ಒಂದು ದಿಕ್ಕಿಗೆ ಗುರಿಯಿಟ್ಟು ಒಯ್ಯುತ್ತದೆ. ಪ್ರಕಟಣೆ, ಆಜ್ಞೆ, ಪ್ರಚಾರಕ್ಕೆಂದು ಹುಟ್ಟಿದ ಆ ಉಪಕರಣದಿಂದ ಒಬ್ಬಂಟಿ ಹೆಂಗಸು ತನಗೆ ತಾನೇ ಹಾಡಿಕೊಳ್ಳುವಂಥ ದನಿ ಬಂದಾಗ, ಸಾರ್ವಜನಿಕವಾದದ್ದೂ ಖಾಸಗಿಯಾದದ್ದೂ ಒಂದೇ ಕಡೆ ಎದುರಾಗುತ್ತವೆ.

2010ರ ಡಿಸೆಂಬರಿನಲ್ಲಿ ಟರ್ನರ್ ಪ್ರಶಸ್ತಿ ಘೋಷಣೆಯಾಯಿತು. ಬಹುಮಾನದ ಮೊತ್ತ 25,000 ಪೌಂಡ್. 1984ರಲ್ಲಿ ಆರಂಭವಾದ ಆ ಪ್ರಶಸ್ತಿ ಸದ್ದಿನ ಕೃತಿಗೆ ಸಂದದ್ದು ಅದೇ ಮೊದಲ ಸಲ. ಅದೇ ಸಂಜೆ ಕಲಾಶಿಕ್ಷಣದ ಅನುದಾನ ಕಡಿತವನ್ನು ವಿರೋಧಿಸಿ ವಿದ್ಯಾರ್ಥಿಗಳು ಆ ಸಮಾರಂಭ ನಡೆದ ಲಂಡನ್ನಿನ ಟೇಟ್ ಬ್ರಿಟನ್ ಗ್ಯಾಲರಿಯೊಳಗೆ ಪ್ರತಿಭಟನೆ ನಡೆಸುತ್ತಿದ್ದರು. ಪ್ರಶಸ್ತಿ ಸ್ವೀಕರಿಸಿದ ಫಿಲಿಪ್ಸ್ ಆ ವಿದ್ಯಾರ್ಥಿಗಳ ಬೇಡಿಕೆಯನ್ನು ಬೆಂಬಲಿಸಿ ಮಾತನಾಡಿದರು. ಇದು ಸಂಗೀತವೇ ಹೊರತು ದೃಶ್ಯಕಲೆಯಲ್ಲ ಎಂಬ ಆಕ್ಷೇಪ ಆಗ ಬ್ರಿಟನ್ನಿನಲ್ಲಿಯೂ ಕೇಳಿಬಂತು, ಆದ್ದರಿಂದ ನಿಮ್ಮ ಸಂಶಯ ಒಂಟಿಯಲ್ಲ. ಆ ಆಕ್ಷೇಪಕ್ಕೆ ಪ್ರಶಸ್ತಿ ಪ್ರದರ್ಶನವೂ ಒಂದಿಷ್ಟು ಕಾರಣವಾಯಿತೆಂದು ನನ್ನ ಅನಿಸಿಕೆ. ಟೇಟ್‌ನಲ್ಲಿ ಆ ಕೃತಿಯನ್ನು ಬಿಳಿಗೋಡೆಯ ಖಾಲಿ ಕೋಣೆಯಲ್ಲಿ ಕೇಳಿಸಲಾಯಿತು. ನೀರಿಲ್ಲ, ರೈಲಿಲ್ಲ, ಕಮಾನಿಲ್ಲ. ಉಳಿದದ್ದು ಹಾಡು ಮಾತ್ರವಾದಾಗ, ಇದು ಹಾಡಷ್ಟೇ ಅಲ್ಲವೇ ಎಂದು ಜನ ಕೇಳಿದ್ದು ಸಹಜವಾಗಿತ್ತು. ಹೊರಗಿನ ಜಾಗಕ್ಕೆಂದು ಮಾಡಿದ ಕೃತಿಯನ್ನು ಗ್ಯಾಲರಿಗೆ ತಂದಾಗ ಆಗುವ ಈ ನಷ್ಟವನ್ನು ನೀವು ಮೊದಲಿನಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅದೇ ಚಳಿಗಾಲದಲ್ಲಿ ಲಂಡನ್ನಿನಲ್ಲಿ, ಕಲಾವಿದರಿಂದ ಹೊಸ ಕೃತಿಗಳನ್ನು ಮಾಡಿಸುವ ಆರ್ಟ್‌ಏಂಜಲ್ ಸಂಸ್ಥೆಗಾಗಿ ಅವರು ಮಾಡಿದ ಕೃತಿಯಲ್ಲಿ ಈ ತೊಂದರೆ ಇರಲಿಲ್ಲ. ಲಂಡನ್ನಿನ ಹಣಕಾಸು ವ್ಯವಹಾರದ ಕೇಂದ್ರವಾದ ‘ಸಿಟಿ’ ಪ್ರದೇಶದಲ್ಲಿ ವಾರದ ದಿನಗಳಲ್ಲಿ ಲಕ್ಷಾಂತರ ಜನ ಓಡಾಡುತ್ತಾರೆ, ವಾರಾಂತ್ಯದಲ್ಲಿ ಆ ಬೀದಿಗಳು ಬರಿದಾಗುತ್ತವೆ. ಫಿಲಿಪ್ಸ್ ಆರು ಕಡೆಗಳಲ್ಲಿ, ಶನಿವಾರ ಮತ್ತು ಭಾನುವಾರ ಮಾತ್ರ, 16 ಮತ್ತು 17ನೆಯ ಶತಮಾನದ ಇಂಗ್ಲಿಷ್ ಗೀತೆಗಳನ್ನು ಕೇಳಿಸಿದರು. ಬೀದಿಯಲ್ಲಿ ಕೂಗಿ ಮಾರುವವರ ದನಿಗಳೇ ಊರಿನ ಸದ್ದಾಗಿದ್ದ ಕಾಲದ ಹಾಡುಗಳು ಅವು. ಬ್ಯಾಂಕುಗಳ ನಡುವಿನ ಖಾಲಿ ಓಣಿಯಲ್ಲಿ ಅವನ್ನು ಕೇಳಿದವರು ನಾಲ್ಕು ಶತಮಾನಗಳ ಅಂತರವನ್ನೂ ಕೇಳಿದರು.

ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಗಂಭೀರ ಕೃತಿ 2012ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಎಂಬ ದೊಡ್ಡ ಸಮಕಾಲೀನ ಕಲಾ ಪ್ರದರ್ಶನಕ್ಕೆ ಮಾಡಿದ ‘ಸ್ಟಡಿ ಫಾರ್ ಸ್ಟ್ರಿಂಗ್ಸ್’. ಅಷ್ಟು ಹೊತ್ತಿಗೆ ಅವರು ಸ್ವಂತ ದನಿಯನ್ನು ಬದಿಗಿಟ್ಟು ವಾದ್ಯಗಳ ಕಡೆಗೆ ತಿರುಗಿದ್ದರು. ಈ ಕೃತಿಗೆ ಆಧಾರ ಚೆಕ್ ಸಂಗೀತಕಾರ ಪಾವೆಲ್ ಹಾಸ್ 1943ರಲ್ಲಿ ಟೆರೆಜಿನ್ ಎಂಬ ನಾತ್ಸಿ ಬಂಧನಶಿಬಿರದಲ್ಲಿ ತಂತಿವಾದ್ಯಗಳ ವೃಂದಕ್ಕಾಗಿ ರಚಿಸಿದ ಸಂಗೀತ. ಅಲ್ಲಿಯ ಬಂದಿಗಳೇ ಆದ ವಾದಕರು, ಕರೆಲ್ ಆಂಚೆರ್ಲ್ ಎಂಬ ಬಂದಿಯ ನಿರ್ದೇಶನದಲ್ಲಿ, ಅದನ್ನು ನುಡಿಸಿದರು. ಶಿಬಿರದಲ್ಲಿ ಯಹೂದಿಗಳು ಸುಖವಾಗಿದ್ದಾರೆಂದು ಜಗತ್ತಿಗೆ ತೋರಿಸಲು 1944ರಲ್ಲಿ ನಾತ್ಸಿಗಳು ತೆಗೆದ ಪ್ರಚಾರ ಚಿತ್ರದಲ್ಲಿಯೂ ಆ ವಾದನವನ್ನು ಸೇರಿಸಲಾಯಿತು. ಚಿತ್ರೀಕರಣ ಮುಗಿದ ಸ್ವಲ್ಪ ಕಾಲದಲ್ಲಿಯೇ, ಆ ಅಕ್ಟೋಬರಿನಲ್ಲಿ, ಹಾಸ್ ಅವರನ್ನೂ ವಾದಕರಲ್ಲಿ ಹೆಚ್ಚಿನವರನ್ನೂ ಆಶ್‌ವಿಟ್ಸ್ ಎಂಬ ಹತ್ಯಾಶಿಬಿರಕ್ಕೆ ಸಾಗಿಸಿ ಕೊಲ್ಲಲಾಯಿತು. ಆಂಚೆರ್ಲ್ ಬದುಕಿ ಉಳಿದರು, ಯುದ್ಧ ಮುಗಿದ ಮೇಲೆ ವಾದ್ಯಗಳ ಬಿಡಿ ಹಾಳೆಗಳನ್ನು ಹುಡುಕಿ ತೆಗೆದರು. ಸಂಗೀತ ಉಳಿದದ್ದು ಹೀಗೆ.

ಫಿಲಿಪ್ಸ್ ಈ ಸಂಗೀತದಿಂದ ಒಂದು ವಯೋಲಾ ಮತ್ತು ಒಂದು ಚೆಲ್ಲೊ (ಎರಡೂ ಪಿಟೀಲಿನ ಬಳಗದ, ಅದಕ್ಕಿಂತ ದೊಡ್ಡ ವಾದ್ಯಗಳು) ನುಡಿಸುವ ಭಾಗವನ್ನು ಮಾತ್ರ ಉಳಿಸಿಕೊಂಡು ಉಳಿದ ಎಲ್ಲ ವಾದ್ಯಗಳನ್ನೂ ತೆಗೆದುಹಾಕಿದರು. ತೆಗೆದ ಕಡೆಗಳಲ್ಲಿ ಮೌನವನ್ನು ಹಾಗೆಯೇ ಬಿಟ್ಟರು. ಉಳಿದ ಸ್ವರಗಳನ್ನು ಬಿಡಿಬಿಡಿಯಾಗಿ ಮುದ್ರಿಸಿಕೊಂಡು, ಕಾಸೆಲ್‌ನ ಹಳೆಯ ಮುಖ್ಯ ರೈಲು ನಿಲ್ದಾಣದ ಪ್ಲಾಟ್‌ಫಾರಂ ತುದಿಯ ಸುತ್ತ, ಹಳಿಗಳಾಚೆಗೂ ಹರಡಿದ ಹಲವು ಸ್ಪೀಕರುಗಳಿಗೆ ಹಂಚಿದರು. 1941 ಮತ್ತು 1942ರಲ್ಲಿ ಆ ಪ್ರದೇಶದ ಯಹೂದಿಗಳನ್ನು ರೈಲು ಹತ್ತಿಸಿ ಕಳಿಸಿದ್ದು ಅದೇ ನಿಲ್ದಾಣದಿಂದ. ಆ ರೈಲುಗಳಲ್ಲಿ ಒಂದು ಹೋದದ್ದು ಟೆರೆಜಿನ್‌ಗೇ. ಒಂದು ಸ್ವರ ಎಡಗಡೆ ದೂರದಿಂದ, ಇನ್ನೊಂದು ಬಲಗಡೆ ಹತ್ತಿರದಿಂದ ಬರುವಾಗ ಕೇಳುವವರು ಅದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಜೋಡಿಸಲಾಗದ ಕಡೆ, ಅಲ್ಲಿ ನುಡಿಸಬೇಕಾಗಿದ್ದವರ ಗೈರುಹಾಜರಿ ಎದುರಾಗುತ್ತದೆ. ಶಿಲ್ಪಿ ಕಲ್ಲನ್ನು ತೆಗೆದು ರೂಪವನ್ನು ತೋರಿಸುತ್ತಾನೆ ಎಂದು ನಾವು ಹೇಳುತ್ತೇವಲ್ಲ, ಇಲ್ಲಿ ತೆಗೆದದ್ದೇ ಕೃತಿಯ ರೂಪವಾಗಿದೆ. ಸಾವಿನ ಸಂಖ್ಯೆಗಳನ್ನಾಗಲಿ ಭಾವಚಿತ್ರಗಳನ್ನಾಗಲಿ ಮುಂದಿಡದೆ ಇಷ್ಟು ದೊಡ್ಡ ನಷ್ಟವನ್ನು ತಿಳಿಸಿದ ಕೃತಿಗಳು ವಿರಳ.

ತಾಂತ್ರಿಕವಾಗಿಯೂ ಈ ಹಂಚಿಕೆ ಸೂಕ್ಷ್ಮವಾದದ್ದು. ಒಂದೇ ಸದ್ದು ಎರಡು ಕಡೆಯಿಂದ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ ಮೊದಲು ತಲುಪಿದ್ದು ಯಾವ ದಿಕ್ಕಿನದೋ ಅದನ್ನೇ ಕಿವಿ ನಂಬುತ್ತದೆ. ಇದನ್ನು ‘ಹಾಸ್ ಪರಿಣಾಮ’ ಎನ್ನುತ್ತಾರೆ; ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕರ ಹೆಸರು ಅದು, ಸಂಗೀತಕಾರ ಹಾಸ್ ಅವರೊಡನೆ ಹೆಸರಿನ ಹೋಲಿಕೆ ಆಕಸ್ಮಿಕ. ಎಲ್ಲ ಸ್ಪೀಕರುಗಳಿಂದಲೂ ಎಲ್ಲ ಸ್ವರಗಳನ್ನು ಕೇಳಿಸಿದ್ದರೆ ಕೇಳುಗರಿಗೆ ಹತ್ತಿರದ ಸ್ಪೀಕರ್ ಒಂದೇ ಉಳಿಯುತ್ತಿತ್ತು. ಒಂದು ಸ್ವರಕ್ಕೆ ಒಂದು ಸ್ಪೀಕರ್ ಎಂದು ಬೇರ್ಪಡಿಸಿದ್ದರಿಂದಲೇ ಪ್ರತಿ ಸ್ವರವೂ ತನ್ನ ಜಾಗವನ್ನು ಉಳಿಸಿಕೊಂಡಿತು.

ಇದರ ನಂತರದ ಕೃತಿಗಳಲ್ಲಿಯೂ ಬಿಡಿಸಿ ಹಂಚುವ ಈ ವಿಧಾನವೇ ಮುಂದುವರಿದಿದೆ. 2014ರಲ್ಲಿ ಬರ್ಲಿನ್ನಿನ ಹ್ಯಾಂಬುರ್ಗರ್ ಬಾನ್‌ಹೋಫ್ ವಸ್ತುಸಂಗ್ರಹಾಲಯದಲ್ಲಿ, ನಾತ್ಸಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿ ಅಲ್ಲಿಂದಲೂ ಹೊರದಬ್ಬಿಸಿಕೊಂಡ ಸಂಗೀತಕಾರ ಹಾನ್ಸ್ ಐಸ್ಲರ್ ಅವರ ಸಂಗೀತವನ್ನು ಹೀಗೆಯೇ ಬಿಡಿಸಿದರು. ಅದೇ ವರ್ಷ ನ್ಯೂಯಾರ್ಕ್ ಬಂದರಿನ ಗವರ್ನರ್ಸ್ ದ್ವೀಪದಲ್ಲಿ, ಹಿಂದೆ ಸೈನ್ಯದ ನೆಲೆಯಾಗಿದ್ದ ಕಡೆ, ದಿನದ ಕೊನೆಯನ್ನು ಸಾರುವ ಸೈನಿಕ ಕಹಳೆಯ ರಾಗವನ್ನು ಸಂಜೆ ಕೇಳಿಸುವ ಶಾಶ್ವತ ಕೃತಿಯೊಂದನ್ನು ನೆಲೆಗೊಳಿಸಿದರು. 2015ರಲ್ಲಿ ಟೇಟ್ ಬ್ರಿಟನ್ನಿನ ಉದ್ದನೆಯ ಹಜಾರದಲ್ಲಿ ಕೇಳಿಬಂದದ್ದು ಯುದ್ಧಗಳಲ್ಲಿ ಜಖಂಗೊಂಡ 14 ಬ್ರಿಟಿಷ್ ಮತ್ತು ಜರ್ಮನ್ ಊದುವಾದ್ಯಗಳ ಸದ್ದು. 1854ರ ಬಾಲಕ್ಲಾವ ಯುದ್ಧದಲ್ಲಿ ಮೊಳಗಿದ ಕಹಳೆಯೂ ಅವುಗಳಲ್ಲಿತ್ತು. ಅವುಗಳಲ್ಲಿ ಕೆಲವು ವಾದ್ಯಗಳಿಂದ ಸ್ವರಕ್ಕಿಂತ ಹೆಚ್ಚಾಗಿ ಉಸಿರೇ ಹೊರಡುತ್ತದೆ. ಹಾಡುವಾಗಿನ ತಮ್ಮ ಉಸಿರನ್ನು ಮುಚ್ಚಿಡದ ಕಲಾವಿದೆಯೇ ಒಡೆದ ಕಹಳೆಯೊಳಗಿನ ಉಸಿರನ್ನೂ ಕೇಳಿಸಿದ್ದು ಎಂಬುದನ್ನು ಗಮನಿಸಿ.

ಇನ್ನು ಜೀವನದ ಪ್ರಶ್ನೆ. ಮೇಲೆ ಹೇಳಿದ ಕೃತಿಗಳಲ್ಲಿ ಹೆಚ್ಚಿನವು ಆಹ್ವಾನದ ಮೇಲೆ, ಅಂದರೆ ಉತ್ಸವ, ವಸ್ತುಸಂಗ್ರಹಾಲಯ ಅಥವಾ ಕಲಾಸಂಸ್ಥೆಯೊಂದು ಹಣ ಒದಗಿಸಿ ಮಾಡಿಸಿದವು ಎಂಬುದನ್ನು ನೀವು ಗಮನಿಸಿರಬಹುದು. ಇಂಥ ಆಹ್ವಾನದಲ್ಲಿ ಕಲಾವಿದರ ಸಂಭಾವನೆ ಬೇರೆ, ತಯಾರಿಕೆಯ ವೆಚ್ಚ ಬೇರೆ. ಸ್ಟುಡಿಯೊ ಬಾಡಿಗೆ, ವಾದಕರು, ಸ್ಪೀಕರ್ ಮತ್ತು ಕೇಬಲ್, ವಿದ್ಯುತ್ ಸಂಪರ್ಕ, ಮಳೆ ಮತ್ತು ಕಳ್ಳತನದಿಂದ ರಕ್ಷಣೆ, ಸ್ಥಳದ ಅನುಮತಿ ಎಲ್ಲವೂ ಎರಡನೆಯದರಲ್ಲಿ ಬರುತ್ತವೆ. ಅನುಭವವಿಲ್ಲದವರು ಈ ಎರಡನ್ನೂ ಒಂದೇ ಮೊತ್ತದಲ್ಲಿ ಬರೆದುಕೊಟ್ಟು, ಕೊನೆಗೆ ಸ್ವಂತ ಸಂಭಾವನೆಯನ್ನೇ ಕೇಬಲ್ಲಿಗೆ ಸುರಿಯುತ್ತಾರೆ. ಎರಡನೆಯ ವರಮಾನ ಗ್ಯಾಲರಿಗಳ ಮೂಲಕ ಬರುತ್ತದೆ. ಫಿಲಿಪ್ಸ್ ಅವರ ಕೃತಿಗಳನ್ನು ನ್ಯೂಯಾರ್ಕಿನ ಟಾನ್ಯಾ ಬೊನಾಕ್ದಾರ್ ಗ್ಯಾಲರಿ ಪ್ರದರ್ಶಿಸುತ್ತದೆ. ಸದ್ದಿನ ಕೃತಿಯನ್ನು ಕೊಳ್ಳುವವರಿಗೆ ಸಾಮಾನ್ಯವಾಗಿ ಸಿಗುವುದು ಧ್ವನಿಕಡತ, ಕಲಾವಿದರ ಸಹಿಯಿರುವ ಪ್ರಮಾಣಪತ್ರ ಮತ್ತು ಎಷ್ಟು ಸ್ಪೀಕರ್, ಎಷ್ಟು ಎತ್ತರ, ಎಷ್ಟು ಗಟ್ಟಿಯಾಗಿ ಎಂಬ ಲಿಖಿತ ಸೂಚನೆ. ಅಚ್ಚಿನ ಚಿತ್ರಗಳಂತೆ ನಿಗದಿತ ಸಂಖ್ಯೆಯ ಪ್ರತಿಗಳನ್ನು ಮಾತ್ರ ಮಾರುತ್ತಾರೆ. ಇವೆಲ್ಲ ಒಮ್ಮೆಗೇ ಕೂಡಿಬರುವುದಿಲ್ಲ. 1994ರಲ್ಲಿ ಓದು ಮುಗಿಸಿದ ಫಿಲಿಪ್ಸ್ ಕಲಾವಿದರ ಸಹಕಾರಿ ಸಂಸ್ಥೆಯಲ್ಲಿ ದುಡಿದು, 2000–01ರಲ್ಲಿ ನ್ಯೂಯಾರ್ಕಿನ ಪಿಎಸ್1 ಎಂಬ ಕಲಾಕೇಂದ್ರದಲ್ಲಿ ಫೆಲೋ ಆಗಿದ್ದು, ಅಲ್ಲಿಂದ ಬರ್ಲಿನ್ನಿಗೆ ಹೋಗಿ ನೆಲೆಸಿ, ಟರ್ನರ್ ಪ್ರಶಸ್ತಿ ಪಡೆಯುವ ಹೊತ್ತಿಗೆ 16 ವರ್ಷ ಕಳೆದಿದ್ದವು. ಈ ಅವಧಿಯನ್ನು ನಿಮ್ಮ ಹೆತ್ತವರಿಗೂ ಮೊದಲೇ ಹೇಳಿಡುವುದು ಒಳ್ಳೆಯದು.

ಭಾರತದಲ್ಲಿಯೂ ಶಿಲ್ಪದಿಂದ ಸದ್ದಿಗೆ ಬಂದವರಿದ್ದಾರೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಶಿಲ್ಪಕಲೆ ಓದಿದ ಶಿಲ್ಪಾ ಗುಪ್ತಾ, ಬರೆದದ್ದಕ್ಕಾಗಿ ಸೆರೆಗೆ ಹಾಕಲ್ಪಟ್ಟ ನೂರು ಕವಿಗಳ ಸಾಲುಗಳನ್ನು ನೂರು ಮೈಕುಗಳಿಂದ ಕೇಳಿಸುವ ಕೃತಿಯನ್ನು ಮಾಡಿದರು. ಅಲ್ಲಿ ಮೈಕುಗಳನ್ನೇ ಸ್ಪೀಕರುಗಳಾಗಿ ಮಾರ್ಪಡಿಸಲಾಗಿದೆ. ದನಿಯನ್ನು ಹಿಡಿಯಬೇಕಾದ ಉಪಕರಣ ದನಿಯನ್ನು ಹೊರಗೆ ಬಿಡುತ್ತದೆ. 2018ರ ಕೊಚ್ಚಿ ಬಿನಾಲೆ ಕಲಾಮೇಳದಲ್ಲಿ ಅದು ಪ್ರದರ್ಶಿತವಾಯಿತು. ನಿಮಗೆ ಹತ್ತಿರದಲ್ಲಿಯೇ, ಬೆಂಗಳೂರಿನಲ್ಲಿ, ಕಲಾವಿದರಿಗೆ ಧನಸಹಾಯ ನೀಡುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಅದರ ಅರ್ಜಿಯ ಕ್ರಮವನ್ನು ಈಗಲೇ ಓದಿಕೊಳ್ಳಿ.

ಮೊದಲ ಅಭ್ಯಾಸಕ್ಕೆ ದುಬಾರಿ ಉಪಕರಣ ಬೇಕಿಲ್ಲ. ವಿಜಯಪುರದ ಗೋಲಗುಮ್ಮಟಕ್ಕೆ ಹೋದರೆ, ಗೋಡೆಯ ಬಾಗು ಪಿಸುಮಾತನ್ನು ಎದುರು ಬದಿಗೆ ಒಯ್ಯುವುದನ್ನೂ ಒಂದೇ ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುವುದನ್ನೂ ಜನಸಂದಣಿಯಿಲ್ಲದ ಹೊತ್ತಿನಲ್ಲಿ ಕೇಳಿ ಬನ್ನಿ. ಆಮೇಲೆ ನಿಮ್ಮ ಊರಿನಲ್ಲಿಯೇ ಒಂದು ಜಾಗ ಆರಿಸಿಕೊಳ್ಳಿ. ಕಾಲೇಜಿನ ಮೆಟ್ಟಿಲುಸಾಲೋ ಹಳೆಯ ಗೋದಾಮೋ ಆದೀತು. ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ನಿಂತು, ಯಾವ ಸದ್ದು ಯಾವ ದಿಕ್ಕಿನಿಂದ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ನಕ್ಷೆ ಬರೆದು ಗುರುತಿಸಿ. ಆ ಜಾಗದ ಚರಿತ್ರೆಯನ್ನು ಅಲ್ಲಿಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಹಾಡನ್ನೋ ಸ್ವರವನ್ನೋ ಆರಿಸಬೇಕಾದದ್ದು ಇದಾದ ಮೇಲೆ. ಮೊದಲೇ ಹಾಡನ್ನು ನಿಶ್ಚಯಿಸಿಕೊಂಡು ಅದಕ್ಕೆ ಜಾಗ ಹುಡುಕಲು ಹೊರಟರೆ ಜಾಗ ಬರಿಯ ವೇದಿಕೆಯಾಗುತ್ತದೆ, ಕೃತಿ ಮತ್ತೆ ಕಛೇರಿಯ ಕಡೆಗೆ ಜಾರುತ್ತದೆ.

ಬಯಲಿನಲ್ಲಿ ಸ್ಪೀಕರ್ ಕಟ್ಟುವುದಾದರೆ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ಸಂಬಂಧಪಟ್ಟ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ, ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಫಿಲಿಪ್ಸ್ ಅವರಂತೆ ಮಾತಿನ ಮಟ್ಟದಲ್ಲಿ ಹಾಡಿ ಕೇಳಿಸುವ ಕೃತಿಗೆ ಈ ಮಿತಿ ಅಡ್ಡಿಯಾಗಬೇಕಾಗಿಲ್ಲ, ಆದರೆ ಅರ್ಜಿಯಲ್ಲಿ ಸ್ಪೀಕರುಗಳ ಸಂಖ್ಯೆ, ಅವು ತಿರುಗಿರುವ ದಿಕ್ಕು ಮತ್ತು ಕೇಳಿಸುವ ವೇಳೆಯನ್ನು ನಕ್ಷೆಯೊಡನೆ ಸ್ಪಷ್ಟವಾಗಿ ಬರೆದಿದ್ದರೆ ಅಧಿಕಾರಿಗಳಿಗೂ ನಿರ್ಧರಿಸಲು ಸುಲಭವಾಗುತ್ತದೆ. ಕೃತಿ ನಡೆಯುವಾಗ ಕೇಳುಗರು ನಿಲ್ಲುವ ಜಾಗದಿಂದಲೇ ಸ್ಟೀರಿಯೊ ಧ್ವನಿಮುದ್ರಣ ಮಾಡಿಕೊಳ್ಳಿ, ಸ್ಪೀಕರಿನ ಪಕ್ಕದಿಂದ ಬೇಡ. ಮುಂದೆ ಧನಸಹಾಯಕ್ಕಾಗಲಿ ಉತ್ಸವಕ್ಕಾಗಲಿ ಅರ್ಜಿ ಹಾಕುವಾಗ ಆಯ್ಕೆ ಸಮಿತಿಯವರು ಕೇಳಬೇಕಾದದ್ದು, ವಾಹನದ ಸದ್ದು, ಹಕ್ಕಿಯ ಸದ್ದು, ಜನರ ಮಾತು ಎಲ್ಲದರ ನಡುವೆ ನಿಮ್ಮ ದನಿ ಆ ಜಾಗದಲ್ಲಿ ಹೇಗೆ ಕೇಳುತ್ತಿತ್ತು ಎಂಬುದನ್ನು.